ಎರಡು ನೇರಳೆ ತಂತಿ

ನಮ್ಮ ಭಾವನಿಗೆ ಒಳ್ಳೆಯ ಹೆಸರೊಂದಿದೆ. ಆದರೆ ಅವರ ಕಚೇರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರೂ ಅವರನ್ನು ‘ಎರಡೂ ಸರಿ’ ಎಂದೇ ಕರೆಯುತ್ತಾರೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದಾರೆ. ಮೇಲಿನ ಮನೆಯವರು ಬಂದು, ಕೆಳಗಿನ ಮನೆಯವರು ನಮ್ಮ ನೀರು ಎಳೆದುಕೊಳ್ಳುತ್ತಿದ್ದಾರೆ ಎಂದರೆ “ನೀವು ಹೇಳೋದು ಸರಿ” ಎನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಕೆಳಗಿನ ಮನೆಯವರು ಬಂದು, ನಮಗೆ ಒಂದು ಹನಿಯೂ ಬರುತ್ತಿಲ್ಲ ಎಂದರೆ “ನೀವು ಹೇಳೋದೂ ಸರಿ” ಎನ್ನುತ್ತಾರೆ. ಹಾಗಾದರೆ ನೀರು ಹೋಯಿತೆಲ್ಲಿಗೆ ಎಂದು ಮೇಲಧಿಕಾರಿ ಕೇಳಿದರೆ ಅವರಿಗೂ ಅದೇ ಉತ್ತರ. ಇಂಥವರಿಂದ ಯಾರಿಗೂ ತೊಂದರೆಯಿಲ್ಲ, ಒಪ್ಪುತ್ತೇನೆ. ಆದರೆ ಇಂಥವರ ಕೈಗೆ ವೈರ್ ಕಟರ್ ಕೊಡಬಾರದು. ಕೊಟ್ಟವನು ನಾನೇ ಆದ್ದರಿಂದ ಹೇಳುತ್ತಿದ್ದೇನೆ.

ನಾನು ಅವರ ಹೆಂಡತಿಯ ತಮ್ಮ. ಕೈಗಡಿಯಾರ ರಿಪೇರಿ ನನ್ನ ಕಸುಬು. ಹಾಗಾಗಿ ಈ ಕಥೆಯಲ್ಲಿ ಬರುವ ಸಮಯಗಳಲ್ಲಿ ಅರ್ಧ ನಿಮಿಷವೂ ಆಚೀಚೆ ಇಲ್ಲ. ಉಳಿದದ್ದಕ್ಕೆ ನಾನು ಜವಾಬ್ದಾರನಲ್ಲ.

ಅಕ್ಕ ದೊಡ್ಡಾಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಒಂದು ದಿನ ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಕಾಯಂ ಮಾಡಬಾರದಲ್ಲ, ಅದಕ್ಕೆ. ಆ ಒಂದು ದಿನ ಅಕ್ಕ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಈ ಸಲ ಕಾಯಂ ಹುದ್ದೆಗೆ ಸಂದರ್ಶನದ ಪತ್ರ ಬಂತು. ಶನಿವಾರ, ಬೆಟ್ಟದಾಚೆಯ ಮುಖ್ಯ ಕಚೇರಿಯಲ್ಲಿ. ಪತ್ರದ ಕೊನೆಗೆ ದಪ್ಪಕ್ಷರದಲ್ಲಿ, ‘ಹತ್ತು ಗಂಟೆಗೆ ಗೇಟು ಮುಚ್ಚಲಾಗುವುದು, ತಡವಾಗಿ ಬಂದವರನ್ನು ಸೇರಿಸುವುದಿಲ್ಲ’ ಎಂದಿತ್ತು. ಮುಂದಿನ ವರ್ಷಕ್ಕೆ ಅಕ್ಕನ ವಯಸ್ಸಿನ ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಮುಗಿಯಿತು.

ಮೊದಲ ಬಸ್ಸು ಅಲ್ಲಿ ತಲುಪುವುದೇ ಹತ್ತೂವರೆಗೆ. ನನಗೆ ಕಾರು ಓಡಿಸಲು ಬರುವುದಿಲ್ಲ. “ನಾನಿಲ್ವಾ?” ಎಂದರು ಭಾವ. ಅಮ್ಮ ಕೂಡಲೇ ತನ್ನ ದುಡ್ಡಿನ ಡಬ್ಬಿ ಕೈಗೆತ್ತಿಕೊಂಡಳು. ಯಾಕೆಂದರೆ ಹಿಂದೊಮ್ಮೆ ಇಂಥದೇ ಹುದ್ದೆಯ ಲಿಖಿತ ಪರೀಕ್ಷೆಗೆ ಭಾವ ಅಕ್ಕನನ್ನು ಅದೇ ಹೆಸರಿನ ಬೇರೊಂದು ಶಾಲೆಗೆ ಕರೆದುಕೊಂಡು ಹೋಗಿದ್ದರು. ಫೋನಿನ ನಕ್ಷೆ ನೋಡಿಕೊಂಡು ಹೋದ ಇನ್ನೊಂದು ಸಲ ಇಟ್ಟಿಗೆ ಸುಡುವ ಗೂಡಿನ ಮುಂದೆ ಕಾರು ನಿಲ್ಲಿಸಿ, “ಬಂತು, ಇಳೀರಿ” ಎಂದಿದ್ದರು.

“ಅಳಿಯಂದ್ರೇ, ಟ್ಯಾಕ್ಸಿ ಮಾಡಿಬಿಡೋಣ” ಎಂದಳು ಅಮ್ಮ.

ಭಾವನ ಮುಖ ಕೆಂಪಾಯಿತು. “ಈ ಸಲ ನಾನು ದಾರಿ ತಪ್ಪಿದ್ರೆ ನನ್ನನ್ನ ಏನಂತ ಬೇಕಾದ್ರೂ ಕರೀರಿ.”

“ಕರೆಯೋಕೆ ಇನ್ನೇನು ಉಳಿದಿದೆ?” ಎಂದಳು ಅಮ್ಮ. ಅವಳು ಅಳಿಯನ ಮುಂದೆ ತಲೆ ತಗ್ಗಿಸಿಯೇ ಮಾತಾಡುತ್ತಾಳೆ. ಮಾತು ಮಾತ್ರ ತಗ್ಗುವುದಿಲ್ಲ.

ಶುಕ್ರವಾರ ಸಂಜೆ ಭಾವ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ಕಾರಿಗೆ ದಾರಿ ತೋರಿಸುವ ಯಂತ್ರ. ಬೆಟ್ಟದ ಕೆಳಗಿನ ಸುರಂಗ ನಡುವೆ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಬಂದರು, ಎಡಕ್ಕೆ ಹೋದರೆ ನಮಗೆ ಬೇಕಾದ ಕಚೇರಿ. ತಪ್ಪಿ ಬಲಕ್ಕೆ ಹೋದರೆ ಹದಿನೆಂಟು ಕಿಲೋಮೀಟರಿನ ತನಕ ತಿರುಗಿಸುವಂತಿಲ್ಲ. ಇದನ್ನು ಕೇಳಿ ಅಂಗಡಿಯವನು ಹೇಳಿದನಂತೆ, “ಹೊರಗಡೆ ಆದ್ರೆ ಇದಕ್ಕೆ ಆಕಾಶದಿಂದ ಸಿಗ್ನಲ್ ಸಿಗತ್ತೆ. ಸುರಂಗದೊಳಗೆ ಆಕಾಶ ಎಲ್ಲಿಂದ ತರ್ತೀರಿ? ಕಾರಿನ ಸ್ಪೀಡ್ ಸೆನ್ಸರ್ ವೈರಿಗೆ ಇದನ್ನ ಜೋಡಿಸಿದ್ರೆ, ಚಕ್ರ ಎಷ್ಟು ತಿರುಗ್ತು ಅಂತ ಎಣಿಸ್ಕೊಂಡು ಕತ್ತಲಲ್ಲೂ ದಾರಿ ಹೇಳತ್ತೆ. ಆದ್ರೆ ನಮ್ಮ ಫಿಟ್ಟರ್ ಬರೋದು ಸೋಮವಾರ.”

ಸೋಮವಾರ ಯಾರಿಗೆ ಬೇಕು? ಭಾವ ತೋಳು ಮಡಚಿದರು. ಕಟರು ನನ್ನದು, ಟಾರ್ಚು ನನ್ನದು, ಕೈ ಅವರದು.

ಕಾರು ಮನೆ ಮುಂದೆ ನಿಂತಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಕಳಚಿದಾಗ ಒಳಗಿಂದ ಬಣ್ಣಬಣ್ಣದ ತಂತಿಗಳು ದಬದಬ ಕೆಳಗೆ ಬಿದ್ದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿಗೆ ಒರಗಿ ನಿಂತು ಕೈಪಿಡಿಯನ್ನು ಪಾಠದಂತೆ ಗಟ್ಟಿಯಾಗಿ ಓದಿದರು. “ವೇಗದ ತಂತಿ ನೇರಳೆ ಬಣ್ಣದ್ದು. ವೇಗದ ಮುಳ್ಳಿಗೆ ಹೋಗೋದೂ ಇದೇ. ಕಾರು ಓಡುವಾಗ ಬಾಗಿಲು ತಾನಾಗೇ ಲಾಕ್ ಆಗೋದೂ ಇದರಿಂದಲೇ. ಕೇಳಿಸ್ತಾ?”

“ಕೇಳಿಸ್ತು ಸಾರ್. ಆದ್ರೆ ನೇರಳೆ ಎರಡಿವೆ.”

ಎರಡಿದ್ದವು. ಒಂದಕ್ಕೆ ತೆಳುವಾದ ಬಿಳಿ ಗೆರೆಯೊಂದು ಇದ್ದಿರಬಹುದು, ಜಿಡ್ಡಿನಲ್ಲಿ ಅದು ಕಾಣುತ್ತಿರಲಿಲ್ಲ.

“ಎಡಗಡೇದು” ಎಂದರು ಮೇಷ್ಟ್ರು, ನೋಡದೆಯೇ.

ಎದುರು ಮನೆಯ ಲಾರಿ ಡ್ರೈವರ್ ಹಲ್ಲುಜ್ಜುತ್ತ ಬಂದ. ಅವನಿಗೆ ರಾತ್ರಿ ಪಾಳಿ, ಸಂಜೆ ಏಳುತ್ತಾನೆ. ಬಗ್ಗಿ ನೋಡಿ, ಬಾಯಿಂದ ಬ್ರಶ್ ತೆಗೆದು, “ಬಲಗಡೇದು. ಇಪ್ಪತ್ತು ವರ್ಷದ ಸರ್ವೀಸು ನಂದು” ಎಂದ.

“ಪುಸ್ತಕ ನನ್ನ ಕೈಲಿದೆ ಕಣಯ್ಯ!”

“ಪುಸ್ತಕ ಓಡಿಸೋಕಾಗತ್ತಾ ಮೇಷ್ಟ್ರೇ?”

ಇಬ್ಬರ ಸ್ವರವೂ ಏರಿತು. ಭಾವ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಇಬ್ಬರ ಮುಖವನ್ನೂ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು.

“ನೀವಿಬ್ಬರೂ ಹೇಳೋದು ಸರಿ” ಎಂದು, ಭಾವ ಎರಡೂ ನೇರಳೆ ತಂತಿಗಳ ಸಿಪ್ಪೆ ಸುಲಿದು, ಯಂತ್ರದ ತಂತಿಯನ್ನು ನಡುವೆ ಇಟ್ಟು, ಮೂರನ್ನೂ ಜಡೆಯಂತೆ ಹೆಣೆದು ಟೇಪು ಸುತ್ತಿಬಿಟ್ಟರು.

“ಭಾವ, ಎರಡನ್ನೂ ಸೇರಿಸೋದಾ?”

“ಒಂದಲ್ಲ ಒಂದು ಸರಿ ಇದ್ದೇ ಇರತ್ತೆ. ಇನ್ನೊಂದು ಸುಮ್ಮನೆ ಜೊತೆಗಿರಲಿ, ಅದಕ್ಯಾಕೆ ಬೇಜಾರು ಮಾಡೋದು?”

ಕೊನೆಗೆ ಯಂತ್ರಕ್ಕೆ ಫ್ಯೂಸೊಂದು ಬೇಕಾಯಿತು. ಕಿಟಕಿ ಗಾಜುಗಳದ್ದನ್ನು ಕಿತ್ತು ಹಾಕಿದರು. ಭಾವನ ಕಡೆಯ ಗಾಜು ಆಗ ನಾಲ್ಕು ಬೆರಳು ಇಳಿದಿತ್ತು. ಅದು ಹಾಗೇ ಉಳಿಯಿತು.

ಬೀದಿಯಲ್ಲಿ ಎರಡು ಸುತ್ತು ಹೊಡೆದು ನೋಡಿದೆವು. ಆಕಾಶ ಶುಭ್ರವಾಗಿತ್ತು. ಮುಳ್ಳು ಸರಿಯಾಗಿ ಏರಿತು, ಸರಿಯಾಗಿ ಇಳಿಯಿತು. ಯಂತ್ರದೊಳಗಿನ ಹೆಣ್ಣು ಧ್ವನಿ, “ಎಡಕ್ಕೆ ತಿರುಗಿ” ಎಂದರೆ ಭಾವ “ಆಯ್ತಮ್ಮ” ಎಂದು ತಿರುಗಿಸಿದರು. ಮೇಷ್ಟ್ರು ಕೈ ತಟ್ಟಿ, “ನಾನು ಹೇಳಿದ ವೈರೇ!” ಎಂದರು. ಡ್ರೈವರೂ ಅದನ್ನೇ ಹೇಳಿದ.

ಮರುದಿನ ಬೆಳಿಗ್ಗೆ ಏಳೂವರೆಗೆ ಹೊರಟೆವು. ಜಿಟಿಜಿಟಿ ಮಳೆ. ಮುಂದೆ ಭಾವ ಮತ್ತು ಅಕ್ಕ, ಹಿಂದೆ ನಾನು ಮತ್ತು ಅಮ್ಮ. ಅಕ್ಕನ ತೊಡೆಯ ಮೇಲೆ ಪ್ರಮಾಣಪತ್ರಗಳ ಫೈಲು. ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಭಾವ ವೈಪರ್ ಹಾಕಿದರು.

ದೊಡ್ಡ ರಸ್ತೆಗೆ ಬಂದು ಐದು ನಿಮಿಷವಾಗಿರಲಿಲ್ಲ, ಭಾವ “ಅಯ್ಯೋ!” ಎಂದು ಬ್ರೇಕು ತುಳಿದರು. ವೇಗದ ಮುಳ್ಳು ನೂರಾ ಹತ್ತರ ಮೇಲೆ ನಡುಗುತ್ತಿತ್ತು.

“ನಿಧಾನ ಅಳಿಯಂದ್ರೇ, ನನಗಿನ್ನೂ ಬದುಕಬೇಕು!” ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು.

ಭಾವ ಇಳಿಸಿದರು. ಎಂಬತ್ತು. ಇನ್ನೂ ಇಳಿಸಿದರು. ಎಪ್ಪತ್ತು. ಅಷ್ಟರಲ್ಲಿ ರೇನ್‌ಕೋಟು ತೊಟ್ಟ ಮುದುಕರೊಬ್ಬರು ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋದರು. ಹೋಗುವಾಗ ಕನಿಕರದಿಂದ ಒಳಗೆ ಇಣುಕಿ ನೋಡಿದರು.

“ರೀ, ಸೈಕಲ್ ನಮ್ಮನ್ನ ದಾಟಿಕೊಂಡು ಹೋಯ್ತು” ಎಂದಳು ಅಕ್ಕ.

“ಮೀಟರ್ ಎಪ್ಪತ್ತು ತೋರಿಸ್ತಿದೆಯಲ್ಲ.”

“ಹಾಗಾದ್ರೆ ಆ ಅಜ್ಜ ಎಂಬತ್ತರಲ್ಲಿ ಹೋದ್ರಾ?”

ಭಾವ ಯೋಚಿಸಿದರು. “ಮೀಟರೂ ಸರಿ, ಸೈಕಲ್ಲೂ ಸರಿ. ಇಳಿಜಾರು ಇರ್ಬೇಕು.”

ಹಿಂದಿನ ವಾಹನಗಳು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದವು. ಒಬ್ಬ ಪಕ್ಕಕ್ಕೆ ಬಂದು, “ತಳ್ಳಬೇಕಾ?” ಎಂದು ಕೇಳಿದ. ಕಿಟಕಿಯ ನಾಲ್ಕು ಬೆರಳ ಸಂದಿನಿಂದ ಭಾವನ ಬಲಭುಜದ ಮೇಲೆ ಮಳೆ ಹೊಡೆಯುತ್ತಲೇ ಇತ್ತು. ಅಕ್ಕ ಮಾತಾಡುವುದನ್ನು ನಿಲ್ಲಿಸಿದಳು. ಆ ಒಂದು ದಿನ ಮಾತು ನಿಲ್ಲಿಸುತ್ತಿದ್ದಳಲ್ಲ, ಅದೇ ಮೌನ. ನನಗೆ ಭಯವಾಯಿತು.

ಸುರಂಗದ ಬಾಯಿಗೆ ಬಂದಾಗ ಎಂಟು ಐವತ್ತೆರಡು. ಲೆಕ್ಕದ ಪ್ರಕಾರ ಎಂಟೂಕಾಲಿಗೆ ಬರಬೇಕಿತ್ತು. ಒಳಗೆ ಹೋದರೆ ಸಾಲುಸಾಲು ಕೆಂಪು ದೀಪ. ಮುಂದೆಲ್ಲೋ ಲಾರಿಯೊಂದು ಕೆಟ್ಟು ನಿಂತು, ವಾಹನಗಳು ಇಂಚಿಂಚು ಜರುಗುತ್ತಿದ್ದವು. ನಾವೂ ನಿಂತೆವು. ಸುರಂಗದಲ್ಲಿ ಮಳೆ ಎಲ್ಲಿಂದ ಬರಬೇಕು? ಆದರೆ ಭಾವ ವೈಪರ್ ಆರಿಸಿರಲಿಲ್ಲ. ಒಣಗಿದ ಗಾಜಿನ ಮೇಲೆ ಅದು ಕಿರ್ರ್ ಎಂದು ಅತ್ತಿಂದಿತ್ತ ಓಡಾಡುತ್ತಿತ್ತು. ಯಾರಿಗೂ ಅದರ ಕಡೆ ಗಮನವಿರಲಿಲ್ಲ.

ಯಂತ್ರದ ಪರದೆಯ ಮೇಲೆ ನಮ್ಮ ಕಾರು ಮಾತ್ರ ಜಾಮೂ ಇಲ್ಲ ಗೀಮೂ ಇಲ್ಲ ಎಂಬಂತೆ ಸುರಂಗದಲ್ಲಿ ಝುಮ್ಮೆಂದು ಓಡುತ್ತಿತ್ತು.

“ನೂರು ಮೀಟರಿನಲ್ಲಿ ಎಡಕ್ಕೆ ತಿರುಗಿ” ಎಂದಿತು.

“ಕವಲು ಬಂತು!” ಎಂದರು ಭಾವ.

“ಭಾವ, ನಾವು ನಿಂತಲ್ಲೇ ಇದ್ದೀವಿ.”

“ಇದೆಲ್ಲ ಚಕ್ರ ಎಣಿಸಿ ಹೇಳೋದು ಕಣೋ. ಸುಳ್ಳು ಹೇಳಲ್ಲ.”

“ಈಗ ಎಡಕ್ಕೆ ತಿರುಗಿ.”

ಎಡಕ್ಕೆ ನಿಜವಾಗಿಯೂ ಒಂದು ತೆರವಿತ್ತು. ಭಾವ “ಆಯ್ತಮ್ಮ” ಎಂದು ತಿರುಗಿಸಿದರು. ಕಾರಿನ ಮೂತಿ ಒಂದು ಹಸಿರು ಬಾಗಿಲಿಗೆ ಗೇಣು ದೂರದಲ್ಲಿ ನಿಂತಿತು. ಬಾಗಿಲ ಮೇಲೆ ಓಡುತ್ತಿರುವ ಮನುಷ್ಯನ ಚಿತ್ರ. ಅಪಾಯವಾದಾಗ ಜನ ಓಡಿಹೋಗಲು ಮಾಡಿದ ಜಾಗ.

ತಲೆಯ ಮೇಲಿನ ಧ್ವನಿವರ್ಧಕ ಗುಡುಗಿತು. “ಬಿಳಿ ಕಾರು! ಬಿಳಿ ಕಾರು! ಎಲ್ಲಿಗೆ ಹೊರಟಿದ್ದೀರಿ?”

ಹಳದಿ ಜಾಕೆಟ್ಟಿನ ಸುರಂಗದ ಅಧಿಕಾರಿ ಓಡಿ ಬಂದರು. ಕಿಟಕಿಯ ಸಂದಿಗೆ ಬಾಯಿ ತಂದು ಕೇಳಿದರು. “ಯಾರಿಗಾದ್ರೂ ಹುಷಾರಿಲ್ವಾ?”

“ಎಲ್ಲ ಚೆನ್ನಾಗಿದ್ದೀವಿ ಸಾರ್.”

“ಗಾಡಿ ಕೆಟ್ಟಿದ್ಯಾ?”

“ಇಲ್ಲ ಸಾರ್, ನಿನ್ನೆಯಷ್ಟೇ ಸರಿ ಮಾಡಿದ್ದೀನಿ.”

“ಮತ್ತೆ ಇಲ್ಲಿ ಯಾಕೆ ತಿರುಗಿಸಿದ್ರಿ?”

“ಇದು ಎಡಗಡೆ ರಸ್ತೆ ಅಂತ ಈಯಮ್ಮ ಹೇಳಿದ್ರು.”

ಅಧಿಕಾರಿ ಮುಂದೆ ಕೂತ ಅಕ್ಕನನ್ನು ನೋಡಿದರು. ಅಕ್ಕ ಯಂತ್ರವನ್ನು ತೋರಿಸಿದಳು.

“ಇದು ರಸ್ತೆ ಅಲ್ಲ ರೀ, ಬಾಗಿಲು!”

“ನೀವು ಹೇಳೋದೂ ಸರಿ ಸಾರ್” ಎಂದರು ಭಾವ.

ಅಧಿಕಾರಿಯ ಮೂಗಿನ ಹೊಳ್ಳೆ ಅರಳಿತು. ಅಷ್ಟರಲ್ಲಿ ಅವರ ಕಣ್ಣು ವೇಗದ ಮುಳ್ಳಿನ ಮೇಲೆ ಬಿತ್ತು. “ನಿಂತ ಗಾಡಿಯಲ್ಲಿ ಅರವತ್ತು ತೋರಿಸ್ತಿದೆ! ಲೈಸೆನ್ಸ್ ಕೊಡಿ. ಇದನ್ನ ರಿಪೋರ್ಟ್ ಮಾಡ್ಬೇಕು. ಮೂರು ಪ್ರತಿ ಬರೀಬೇಕು.” ಜೇಬಿನಿಂದ ಪುಸ್ತಕ ತೆಗೆದರು. ಕಾರ್ಬನ್ ಕಾಗದವನ್ನು ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ ಇಡತೊಡಗಿದರು. ಒಂಬತ್ತು ಹದಿನೇಳು.

ಆಗ ಅಕ್ಕ ಭಾವನ ಮೇಲಿಂದ ಬಾಗಿ ಸಂದಿಗೆ ಮುಖ ತಂದಳು. “ಸಾರ್, ಹತ್ತು ಗಂಟೆಗೆ ನನ್ನ ಇಂಟರ್‌ವ್ಯೂ. ಒಂಬತ್ತು ವರ್ಷ ಕಾದಿದ್ದೀನಿ. ಗೇಟ್ ಹಾಕಿದ್ರೆ ನನ್ನ ಕಥೆ ಮುಗೀತು. ನೀವು ಆಮೇಲೆ ಇವರನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ.”

ಅಧಿಕಾರಿ ಅಕ್ಕನ ಫೈಲು ನೋಡಿದರು, ಭಾವನನ್ನು ನೋಡಿದರು, ಕಾರ್ಬನ್ ಕಾಗದ ಮಡಚಿದರು. ತಾವೇ ನಡುರಸ್ತೆಗೆ ಇಳಿದು ಎರಡು ಬಸ್ಸು ತಡೆದು ನಮ್ಮನ್ನು ಹಿಂದಕ್ಕೆ ತೆಗೆಸಿದರು. “ಬೋರ್ಡು ನೋಡ್ಕೊಂಡು ಹೋಗಿ ತಾಯಿ. ಈಯಮ್ಮನ ಮಾತು ಕೇಳ್ಬೇಡಿ” ಎಂದರು.

ಕವಲಿನಲ್ಲಿ ಬೋರ್ಡು ಓದಿದವಳು ಅಕ್ಕ. ಎಡಕ್ಕೆ ತಿರುಗಿದೆವು. ಹೊರಗೆ ಬಂದಾಗ ಮಳೆ ಜೋರಾಗಿತ್ತು, ಭಾವ ವೈಪರಿನ ವೇಗ ಏರಿಸಿದರು. ಮುಖ್ಯ ಕಚೇರಿಯ ಗೇಟಿನ ಮುಂದೆ ಕಾರು ನಿಂತಾಗ ಒಂಬತ್ತು ಐವತ್ತೊಂದು. ಅಮ್ಮ “ಸದ್ಯ!” ಎಂದಳು. ಭಾವ ಹಣೆಯ ಬೆವರು ಒರೆಸಿಕೊಂಡು, “ನೋಡಿದ್ರಾ?” ಎಂದರು.

ಅಕ್ಕ ಬಾಗಿಲ ಹಿಡಿ ಎಳೆದಳು. ತೆರೆಯಲಿಲ್ಲ. ಲಾಕ್ ಎತ್ತಿದಳು. ಟಕ್ ಎಂದು ತಾನಾಗಿಯೇ ಕೆಳಗಿಳಿಯಿತು. ಮತ್ತೆ ಎತ್ತಿದಳು. ಟಕ್. ನಾನು ನನ್ನದನ್ನು ಎತ್ತಿದೆ. ಟಕ್. ಅಮ್ಮ ಎತ್ತಿದಳು. ಟಕ್. ಕಾರೊಳಗೆ ನಾಲ್ಕೂ ಕಡೆ ಟಕ್ ಟಕ್ ಟಕ್.

“ರೀ, ಬಾಗಿಲು!”

“ಒಂದೇ ನಿಮಿಷ” ಎಂದು ಭಾವ ಕಿಟಕಿಯ ಗುಂಡಿ ಒತ್ತಿದರು. ಗಾಜು ಅಲ್ಲಾಡಲಿಲ್ಲ. ಅದರ ಫ್ಯೂಸು ಯಂತ್ರದ ಹೊಟ್ಟೆ ಸೇರಿತ್ತಲ್ಲ.

ಕಾವಲುಗಾರ ಕೊಡೆ ಹಿಡಿದುಕೊಂಡು ಬಂದ. “ಇಂಟರ್‌ವ್ಯೂಗಾ? ಬೇಗ ಇಳೀರಿ, ಗೇಟ್ ಹಾಕ್ತೀನಿ.”

“ಬಾಗಿಲು ತೆರೀತಿಲ್ಲಪ್ಪ!” ಎಂದು ಅಕ್ಕ ಸಂದಿನಿಂದ ಸಂದರ್ಶನದ ಪತ್ರ ಹೊರಗೆ ತೂರಿಸಿದಳು. “ಇದನ್ನಾದ್ರೂ ಒಳಗೆ ಕೊಡು!”

ಅವನು ಪತ್ರ ಓದಿ, ವಾಪಸು ತೂರಿಸಿದ. “ಕಾಗದ ಬಂದ್ರೆ ಸಾಲದು ಮೇಡಂ, ವ್ಯಕ್ತಿ ಬರ್ಬೇಕು.”

ಹೊರಗಿನಿಂದ ಅವನೂ ಎಳೆದ. ಆಗಲಿಲ್ಲ. ಮುಳ್ಳು ಎಂಬತ್ತರ ಮೇಲಿತ್ತು. ಅಕ್ಕ ಅದನ್ನು ನೋಡಿದಳು. ಗಾಜಿನ ಮೇಲೆ ಓಡಾಡುವ ವೈಪರ್ ನೋಡಿದಳು. ವೈಪರ್ ಒಂದು ಸಲ ಬೀಸಿದರೆ ಒಂದು ಟಕ್. ಮತ್ತೊಂದು ಸಲ ಬೀಸಿದರೆ ಮತ್ತೊಂದು ಟಕ್.

“ರೀ, ನೀವು ವೈಪರಿನ ವೈರು ಸೇರಿಸಿದ್ದೀರಿ” ಎಂದಳು ಅಕ್ಕ. ಧ್ವನಿ ಬಹಳ ಸಣ್ಣಗಿತ್ತು. “ವೈಪರ್ ಆಡ್ತಿದ್ರೆ ಕಾರು ಓಡ್ತಿದೆ ಅಂತ ಕಾರೇ ನಂಬಿಬಿಟ್ಟಿದೆ. ಓಡೋ ಕಾರಿನ ಬಾಗಿಲು ಹೇಗೆ ತೆರೀತದೆ?”

ಭಾವ “ಕಟರು!” ಎಂದು ಕೈ ಚಾಚಿದರು. ನಾನು ಕೊಟ್ಟೆ. ಭಾವ ಸ್ಟೇರಿಂಗಿನ ಕೆಳಗೆ ತೂರಿದರು. ಕಾಲೆರಡೂ ಸೀಟಿನ ಮೇಲೆ ಬಂದು, ಒಂದು ಪಾದ ಕಿಟಕಿಯ ಸಂದಿನ ಎದುರು ನಿಂತಿತು. ಕಾವಲುಗಾರ ಮಾತಾಡಲು ಬಾಯಿ ತಂದವನು ಹಿಂದೆ ಸರಿದ.

ಒಂಬತ್ತು ಐವತ್ತೈದು.

“ಎರಡಿವೆ! ಎರಡೂ ಒಂದೇ ಥರ ಇವೆ!” ಕೆಳಗಿನಿಂದ ಭಾವನ ಸ್ವರ ಬಂತು. “ಮೇಷ್ಟ್ರು ಎಡ ಅಂದ್ರು, ಡ್ರೈವರ್ ಬಲ ಅಂದ. ಇಬ್ಬರೂ…”

“ಇಬ್ಬರೂ ಸರಿ ಅಂದ್ರೆ ನಾನು ಸಾಯ್ತೀನಿ!” ಎಂದು ಅಕ್ಕ ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ಒಂದು! ಯಾವುದಾದ್ರೂ ಒಂದು!”

ಕೆಳಗಿನಿಂದ ಭಾವ ತಲೆ ತಿರುಗಿಸಿ ಅಕ್ಕನ ಮುಖವನ್ನೊಮ್ಮೆ ನೋಡಿದರು. ಹೊರಗೆ ಕಾವಲುಗಾರ ಒಂದು ಬದಿಯ ಗೇಟು ಎಳೆದು ಮುಚ್ಚಿ, ಇನ್ನೊಂದರ ಕಡೆ ಹೊರಟಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಒಂಬತ್ತು ಐವತ್ತೇಳು.

ಭಾವನ ತಲೆ ಮತ್ತೆ ಒಳಗೆ ಹೋಯಿತು. ಕಟರು ಕಟ್ ಎಂದಿತು. ಅದೇ ಗಳಿಗೆಯಲ್ಲಿ ಅಕ್ಕ ಕೈ ಚಾಚಿ, ಕೀಲಿ ತಿರುಗಿಸಿ, ಎಂಜಿನ್ ಆರಿಸಿದಳು.

ವೈಪರ್ ಅರ್ಧದಲ್ಲೇ ನಿಂತಿತು. ಮುಳ್ಳು ಸೊನ್ನೆಗೆ ಬಿತ್ತು. ಅಕ್ಕ ಬಾಗಿಲು ತೆರೆದಳು. ಇಳಿಯುವ ಮುನ್ನ ಹಿಂದೆ ತಿರುಗಿ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಫೈಲು ಎದೆಗವುಚಿ ಮಳೆಯಲ್ಲಿ ಓಡಿದಳು. ಇನ್ನರ್ಧ ಗೇಟು ಮುಚ್ಚುವಾಗ ಅವಳು ಒಳಗಿದ್ದಳು.

“ತೆರೀತಾ? ತೆರೀತಾ?” ಎಂದು ಭಾವ ಕೆಳಗಿನಿಂದ ಎದ್ದು ಬಂದರು. ಹಣೆಗೆ ಸ್ಟೇರಿಂಗ್ ತಾಗಿ ಬೋರೆ ಎದ್ದಿತ್ತು. “ಹೋದಳಾ? ಹೋದಳು! ನಾನು ಕತ್ತರಿಸ್ದೆ ಕಣೋ! ಕತ್ತರಿಸಿದ ರಭಸಕ್ಕೆ ಎಂಜಿನ್ನೂ ನಿಂತುಹೋಗಿದೆ ನೋಡು!”

ಅಮ್ಮ ಕಣ್ಣು ತೆರೆದು, ಮೊದಲ ಬಾರಿಗೆ ಅಳಿಯನನ್ನು ಗೌರವದಿಂದ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. “ಭಾವ, ಎರಡರಲ್ಲಿ ಅದೇ ಅಂತ ಹೇಗೆ ಗೊತ್ತಾಯ್ತು?”

“ಗೊತ್ತಾಗ್ಲಿಲ್ಲ. ಅವಳ ಮುಖ ನೋಡ್ದೆ. ಕತ್ತರಿಸಿಬಿಟ್ಟೆ” ಎಂದರು. ಕಟರನ್ನು ನನ್ನ ಕೈಗೆ ವಾಪಸು ಕೊಟ್ಟರು.

ಹನ್ನೆರಡು ನಲವತ್ತಕ್ಕೆ ಅಕ್ಕ ಹೊರಗೆ ಬಂದಳು. ಬಿಸಿಲು ಬಿದ್ದಿತ್ತು. “ಚೆನ್ನಾಗಾಯ್ತು” ಎಂದು ಒಂದೇ ಮಾತು ಹೇಳಿ, ಅಳು ಬಂದು, ಕಾರು ಹತ್ತಿ ಕೂತಳು. ಹೊರಟೆವು. ಆಗ ನನಗೆ ಗೊತ್ತಾಯಿತು, ಭಾವ ಕತ್ತರಿಸಿದ್ದು ವೈಪರಿನ ತಂತಿಯನ್ನಲ್ಲ, ನಿಜವಾದ ವೇಗದ ತಂತಿಯನ್ನೇ. ಕಾರು ಓಡುತ್ತಿದೆ, ಮುಳ್ಳು ಸೊನ್ನೆಯಲ್ಲಿ ಮಲಗಿದೆ. ಸುರಂಗ ಹೊಕ್ಕೊಡನೆ ಪರದೆಯ ಮೇಲಿನ ಕಾರು ನಿಂತುಬಿಟ್ಟಿತು. ಭಾವ ಗಾಬರಿಯಿಂದ ಅಕ್ಕನ ಕಡೆ ನೋಡಿದರು.

“ವೈಪರ್ ಹಾಕ್ರೀ” ಎಂದಳು ಅಕ್ಕ.

ಒಣಗಿದ ಗಾಜಿನ ಮೇಲೆ ವೈಪರ್ ಕಿರುಚಿಕೊಂಡು ಓಡಾಡಿತು. ಪರದೆಯ ಕಾರು ಹೊರಟಿತು. ಭಾವನ ಮುಖ ಅರಳಿತು. ಯಂತ್ರ ಹೇಳಿದ ಕಡೆಯಲ್ಲೆಲ್ಲ “ಆಯ್ತಮ್ಮ” ಎಂದರು. ಅಕ್ಕ ಮಾತ್ರ ಬೋರ್ಡು ನೋಡಿ, ಮೆಲ್ಲಗೆ “ನೇರ ಹೋಗಿ” ಎನ್ನುತ್ತಿದ್ದಳು. ಅದೇ ಹಳದಿ ಜಾಕೆಟ್ಟಿನ ಅಧಿಕಾರಿ ಹಸಿರು ಬಾಗಿಲಿನ ಮುಂದೆ ಕೈ ಎರಡೂ ಅಗಲಿಸಿ ಅಡ್ಡ ನಿಂತಿದ್ದರು, ನಾವು ದಾಟಿ ಹೋಗುವ ತನಕ.

ಹನ್ನೊಂದನೆಯ ದಿನ ಅಕ್ಕನ ಕಾಯಂ ಆದೇಶ ಬಂತು. ಅವತ್ತು ಅವಳನ್ನು ಅಡಿಗೆಮನೆಯಲ್ಲಿ ಹಿಡಿದು ಕೇಳಿದೆ. “ಈಗಲಾದ್ರೂ ನಿಜ ಹೇಳ್ಲಾ? ಭಾವ ಬೀದಿಗೆಲ್ಲ ‘ನಾನೇ ಕತ್ತರಿಸಿ ಬಾಗಿಲು ತೆರೆಸ್ದೆ’ ಅಂತ ಹೇಳ್ಕೊಂಡು ಓಡಾಡ್ತಿದ್ದಾರೆ.”

ಅಕ್ಕ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಕೀಲಿ ಯಾರು ಬೇಕಾದ್ರೂ ತಿರುಗಿಸ್ತಾರೆ ಕಣೋ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರು ಎರಡರಲ್ಲಿ ಒಂದನ್ನ ಆರಿಸ್ಕೊಂಡಿದ್ದು ಅವತ್ತೇ. ಅದೂ ನನಗೋಸ್ಕರ. ಬಾಯಿ ಬಿಟ್ರೆ ನಿನ್ನ ಟಾರ್ಚು ಮುರೀತೀನಿ.”

ನಾನು ಇಂದಿಗೂ ಬಾಯಿ ಬಿಟ್ಟಿಲ್ಲ.

ಮುಂದಿನ ಸೋಮವಾರ ಭಾವನ ಕಚೇರಿಗೆ ಮೇಲಿನ ಮನೆಯವರು ಬಂದರು, ಹಿಂದೆಯೇ ಕೆಳಗಿನ ಮನೆಯವರೂ ಬಂದರು. ಭಾವ ಇಬ್ಬರ ಮಾತನ್ನೂ ಕೇಳಿ, ನೀರಿನ ನಕ್ಷೆ ಬಿಡಿಸಿ ನೋಡಿ, ಮೇಲಿನ ಮನೆಯವರಿಗೆ “ನೀವು ಹೇಳೋದು ತಪ್ಪು” ಎಂದುಬಿಟ್ಟರು. ಇಡೀ ಕಚೇರಿ ಎದ್ದು ನಿಂತಿತು. ಹದಿನೆಂಟು ವರ್ಷ ಕೇಳದ ಮಾತು ಕೇಳಿ ಎರಡೂ ಮನೆಯವರಿಗೆ ದಿಗಿಲಾಯಿತು. ಇವತ್ತು ಅವರಿಗೆ ತಪ್ಪು ಅಂದವನು ನಾಳೆ ನಮಗೂ ಅನ್ನಬಹುದು ಎಂದು ಇಬ್ಬರೂ ಒಂದಾಗಿ, ಒಂದೇ ಕಾಗದದಲ್ಲಿ, ಭಾವನ ಮೇಲೆ ದೂರು ಬರೆದು ಕೊಟ್ಟರು. ದೂರುಗಳೆಲ್ಲ ಬರುವುದು ಭಾವನ ಮೇಜಿಗೇ. ಅವರು ಅದನ್ನು ಎರಡು ಸಲ ಓದಿದರು. ಒಂದು ಕಾಗುಣಿತ ತಿದ್ದಿದರು. ಕೊನೆಗೆ, ‘ಪರಿಶೀಲಿಸಿದ್ದೇನೆ, ತಪ್ಪು’ ಎಂದು ಬರೆದು ಸಹಿ ಹಾಕಿದರು.